ಭೂಮಣ್ಣಿ ಬುಟ್ಟಿ ಬರೆದ ದಿನಗಳು

ಸಾಗರ, ಸೊರಬ ಸೀಮೆಯ ದೀವರ ಮನೆಗಳಲ್ಲಿ ದಸರೆಗೂ ದೀಪಾವಳಿಗೂ ನಡುವೆ ಇನ್ನೊಂದು ದೊಡ್ಡ ಹಬ್ಬವಿದೆ. ಆಶ್ವೀಜ ಮಾಸದ ಭೂಮಿ ಹುಣ್ಣಿಮೆ. ಗದ್ದೆಯಲ್ಲಿ ಭತ್ತ ಹೊಡೆಯಾಗಿರುವ ಹೊತ್ತು ಅದು. ಬಸುರಿ ಭೂಮಿತಾಯಿಗೆ ಬಯಕೆ ಊಟ ಒಯ್ದು ಬಡಿಸಬೇಕು. ಆ ಊಟ ಹೊರುವುದೇ ಭೂಮಣ್ಣಿ ಬುಟ್ಟಿ. ವಿಜಯದಶಮಿಯ ದಿನ ದೊಡ್ಡದೊಂದು, ಚಿಕ್ಕದೊಂದು ಬುಟ್ಟಿ ಅಟ್ಟದಿಂದ ಇಳಿದವೆಂದರೆ ಹುಣ್ಣಿಮೆಯ ತನಕ ನಮ್ಮ ಮನೆ ಹೆಂಗಸರಿಗೆ ಬೇರೆ ಮಾತಿಲ್ಲ.

ಚಿತ್ತಾರ ಬರೆಯುವುದು ಆಮೇಲಿನ ಮಾತು. ಅದಕ್ಕೆ ಮೊದಲು ಬುಟ್ಟಿಯನ್ನು ಹದ ಮಾಡಬೇಕಿತ್ತು. ಹಳೆಯ ಬಣ್ಣ ಉಜ್ಜಿ ತೊಳೆದು, ಹೆಣಿಗೆಯ ಸಂದು ಮುಚ್ಚುವ ಹಾಗೆ ಸಗಣಿ ಸಾರಿಸಿ, ಜಗಲಿಯ ಬಿಸಿಲಿಗೆ ಇಡುತ್ತಿದ್ದರು. ಕೆಮ್ಮಣ್ಣು ತರುವ ಕೆಲಸ ನಮ್ಮದು, ಅಂದರೆ ಅಕ್ಕ, ನಾನು, ಚಿಕ್ಕಪ್ಪನ ಮಕ್ಕಳದ್ದು. ಗುಡ್ಡದ ಧರೆಯಲ್ಲಿ ಕೆಂಪು ಚೆನ್ನಾಗಿರುವ ಜಾಗ ಎಲ್ಲಿದೆಯೆಂದು ನಮಗೆ ಗೊತ್ತಿತ್ತು. ತಂದ ಮಣ್ಣನ್ನು ಕುಟ್ಟಿ, ನೀರಲ್ಲಿ ಕದಡಿ, ಹಳೆ ಸೀರೆಯ ಬಟ್ಟೆಯಲ್ಲಿ ಸೋಸಬೇಕು. ಸೋಸಿದ ನೀರು ತಳ ಕಟ್ಟುವ ತನಕ ಅದನ್ನು ಮುಟ್ಟುವ ಹಾಗಿಲ್ಲ. ನಾವು ಸುತ್ತ ಕೂತು ಬೆರಳದ್ದಲು ಹವಣಿಸುವಾಗ ದೊಡ್ಡವ್ವ, 'ಸುಮ್ನೆ ಕೂರ್ರೇ, ಮಣ್ಣು ತಳಕ್ಕೆ ಹೋಗ್ಲಿ' ಅನ್ನುತ್ತಿದ್ದಳು. ಕೊನೆಗೆ ಮೇಲಿನ ತಿಳಿ ಬಸಿದರೆ ತಳದಲ್ಲಿ ಬೆಣ್ಣೆಯಂತೆ ನುಣ್ಣಗಿನ ಕೆಂಪು. ಅದನ್ನು ತೆಳ್ಳಗೆ ಬಳಿದು, ಒಣಗಿಸಿ, ಮತ್ತೆ ಬಳಿಯುವುದು. ದಪ್ಪಗೆ ಬಳಿದರೆ ಬಿರುಕು ಬಿಟ್ಟು ಚಿತ್ತಾರದ ಸಮೇತ ಉದುರುತ್ತದೆ.

ಬಿಳಿಗೆ ನೆನೆಸಿದ ಅಕ್ಕಿ. ಒರಳಲ್ಲಿ ಅದನ್ನು ಅರೆಯುವ ಸರದಿ ನಮಗೆಲ್ಲ ಬರುತ್ತಿತ್ತು. ಸಾಕಾಯಿತೋ ಇಲ್ಲವೋ ಎಂದು ನೋಡಲು ಅವ್ವ ಹಿಟ್ಟನ್ನು ಚೂರು ತೆಗೆದು ಹೆಬ್ಬೆರಳಿನ ಉಗುರ ಮೇಲೆ ಸವರುವಳು. ತರಿ ಕಂಡರೆ ಮತ್ತೆ ಒರಳಿಗೆ. ಕಪ್ಪಿಗೆ ಅಕ್ಕಿಯನ್ನೇ ಕರಕಲಾಗುವ ತನಕ ಹುರಿದು ಅರೆಯುವುದು. ಆ ವಾಸನೆ ಅಡಿಗೆಮನೆಯಿಂದ ಕೊಟ್ಟಿಗೆಯ ತನಕ ಹಬ್ಬುತ್ತಿತ್ತು. ಹಳದಿಗೆ ಕಾಡಿನ ಗುರಿಗೆ ಕಾಯಿ. ಅದು ಕಡಿಮೆ ಸಿಗುತ್ತಿದ್ದುದರಿಂದ ತೆಂಗಿನ ಕರಟದಲ್ಲಿ ಕಲಸಿ ದೊಡ್ಡವ್ವ ತನ್ನ ಮಗ್ಗುಲಲ್ಲೇ ಇಟ್ಟುಕೊಳ್ಳುತ್ತಿದ್ದಳು. ಕುಂಚವೂ ಅಂಗಡಿಯದ್ದಲ್ಲ. ಪುಂಡಿ ನಾರಿನ ತುದಿ ಜಜ್ಜಿ, ಬೇಕಾದಷ್ಟೇ ಎಳೆ ಉಳಿಸಿ ಕಟ್ಟಿದ್ದು. ದಪ್ಪ ಗೆರೆಗೊಂದು, ನೂಲಿನಂಥ ಗೆರೆಗೊಂದು.

ಬರೆಯಲು ಕೂತಾಗ ದೊಡ್ಡವ್ವ ಬೇರೆಯೇ ಮನುಷ್ಯಳಾಗಿ ಕಾಣುತ್ತಿದ್ದಳು. ಬುಟ್ಟಿಯನ್ನು ತೊಡೆಗೆ ಆನಿಸಿ, ಎಡಗೈಯಲ್ಲಿ ನಿಧಾನಕ್ಕೆ ತಿರುಗಿಸುತ್ತ, ಬಲಗೈಯನ್ನು ಹೆಚ್ಚು ಅಲುಗಿಸದೆ ಎಳೆ ಎಳೆಯುತ್ತಿದ್ದಳು. ಗೆರೆ ಒಂದು ಸುತ್ತು ಹೋಗಿ ಬಂದು ಹೊರಟಲ್ಲಿಗೇ ಕೂಡುತ್ತಿತ್ತು. ಅಳತೆಗೋಲಿಲ್ಲ, ಗುರುತು ಹಾಕಿಕೊಂಡದ್ದಿಲ್ಲ. ಎರಡು ಎಳೆಗಳ ನಡುವೆ ಜೋಗಿ ಜಡೆ, ಅದರ ಪಕ್ಕ ಭತ್ತದ ಸಸಿ, ಏಣಿ, ಗೊಂಬೆ. ನಮಗೆ ಕೊಡುತ್ತಿದ್ದುದು ಚಿಕ್ಕ ಬುಟ್ಟಿಯ ಚುಕ್ಕಿಗಳನ್ನು. ಚುಕ್ಕಿಯಿಡಲು ಕೂಡ ಅಕ್ಕ ಮತ್ತು ನಾನು ಜಗಳವಾಡಿದ್ದೇವೆ.

ದೊಡ್ಡವ್ವನ ತವರು ಕರೂರು ಹೋಬಳಿಯ ಕಡೆಯದು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದು ಶರಾವತಿ ಹಿಂದಕ್ಕೆ ನಿಂತಾಗ ಆ ಮನೆ, ಗದ್ದೆ ಎಲ್ಲ ನೀರಿನಡಿಗೆ ಹೋಯಿತು. ಅಲ್ಲಿ ಅವಳ ಮದುವೆಗೆ ಅವಳ ಅವ್ವ ಬರೆದ ಹಸೆಗೋಡೆ ಇತ್ತಂತೆ. ಅದರ ಚಿತ್ತಾರವನ್ನು ಅವಳು ನಮ್ಮ ಬುಟ್ಟಿಯ ಮೇಲೆ ವರ್ಷ ವರ್ಷ ಬರೆಯುತ್ತಿದ್ದಳು. ಎಳೆ ಎಳೆಯುತ್ತಲೇ ಆ ಊರಿನ ಕತೆ ಹೇಳುವಳು: ಯಾರ ಮನೆ ಎಲ್ಲಿತ್ತು, ಯಾವ ಹೊಳೆಯ ದಂಡೆಯಲ್ಲಿ ಕೆಂಪು ಮಣ್ಣು ಚೆನ್ನಾಗಿತ್ತು, ನೀರು ಬಂದಾಗ ಯಾರು ಎಲ್ಲಿಗೆ ಹೋದರು. ನಾವು ನೋಡಿಯೇ ಇರದ ಊರಿನ ದಾರಿಗಳು ನಮಗೆ ಬಾಯಿಪಾಠವಾಗಿದ್ದವು. ಮುಳುಗಡೆಯ ಬಗ್ಗೆ ದೊಡ್ಡವಳಾದ ಮೇಲೆ ಏನೆಲ್ಲ ಓದಿದ್ದೇನೆ, ಆದರೆ ನನಗೆ ಆ ಊರು ಈಗಲೂ ಕೆಮ್ಮಣ್ಣಿನ ಮೇಲಿನ ಬಿಳಿ ಗೆರೆಗಳಲ್ಲೇ ಇದೆ.

ಹುಣ್ಣಿಮೆಯ ಹಿಂದಿನ ರಾತ್ರಿ ಮನೆಯಲ್ಲಿ ಯಾರಿಗೂ ನಿದ್ದೆಯಿಲ್ಲ. ಬಗೆಬಗೆಯ ಸೊಪ್ಪು, ಅಮಟೆಕಾಯಿ, ಹೀರೆಕಾಯಿ ಎಲ್ಲ ಸೇರಿಸಿ ಬೇಯಿಸಿದ ಹಚ್ಚಂಬಲಿ, ಬಾಳೆಎಲೆಯ ಕೊಟ್ಟೆ ಕಡುಬು, ಬುತ್ತಿ. ಬೆಳಕು ಹರಿಯುವ ಮುಂಚೆ ಅಪ್ಪ, ಚಿಕ್ಕಪ್ಪ ಬುಟ್ಟಿ ಹೊತ್ತು ಗದ್ದೆಗೆ ಚರಗ ಬೀರಲು ಹೋಗುತ್ತಿದ್ದರು. ವಾಪಸು ಬರುವಷ್ಟರಲ್ಲಿ ಚಿತ್ತಾರಕ್ಕೆ ಇಬ್ಬನಿ ತಾಗಿ, ಹಚ್ಚಂಬಲಿ ಸೋರಿ, ಕೈ ಹಿಡಿದಲ್ಲಿ ಅಳಿಸಿರುತ್ತಿತ್ತು. ಅವ್ವನಾಗಲಿ ದೊಡ್ಡವ್ವನಾಗಲಿ ಅದಕ್ಕೆ ಬೇಸರಪಟ್ಟದ್ದನ್ನು ನಾನು ಕಾಣೆ. ಉಂಡ ಎಲೆಗೆ ಯಾರಾದರೂ ಬೇಸರಪಡುತ್ತಾರೆಯೇ?

ಉಳಿದ ಕೆಮ್ಮಣ್ಣು ದೀಪಾವಳಿಗೆ. ಜಗಲಿಯ ಅಂಚಿಗೆ, ಮೆಟ್ಟಿಲಿಗೆ, ತುಳಸಿಕಟ್ಟೆಗೆ ಶೇಡಿಯ ಜೊತೆ ಅದನ್ನೇ ಬರೆಯುತ್ತಿದ್ದೆವು. ಹಬ್ಬದ ಬೆಳಿಗ್ಗೆ ದನಕರುಗಳ ಮೈಮೇಲೆ ಸಿದ್ದೆಯ ಬಾಯಿಂದ ಕೆಂಪು ಬಿಳಿ ಉಂಗುರ ಒತ್ತುವುದು. ಪಚ್ಚೆತೆನೆ, ಅಡಿಕೆ, ಚೆಂಡು ಹೂವು ಸೇರಿಸಿ ಬಾಳೆ ನಾರಲ್ಲಿ ಸರ ಕಟ್ಟುವುದು. ಅಡಿಕೆಗೆ ನಾರು ಬಿಗಿಯುವಲ್ಲಿ ಚಿಕ್ಕಪ್ಪನ ಮಗಳ ಕೈಗೆ ಸಮ ಯಾರೂ ಇರಲಿಲ್ಲ. ಅವಳು ಕಟ್ಟಿದ ಸರ ಮಾತ್ರ ಎತ್ತು ಎಷ್ಟು ಕೊಸರಾಡಿದರೂ ಬಿಚ್ಚುತ್ತಿರಲಿಲ್ಲ.

ಹಸೆ ಚಿತ್ತಾರ ಈಗ ಸೀರೆಯ ಸೆರಗಿಗೆ, ಕ್ಯಾನ್ವಾಸಿಗೆ, ಕಚೇರಿಗಳ ಗೋಡೆಗೆ ಬಂದಿದೆ. ನನಗೆ ಅದು ಸಂತೋಷವೇ. ಬರೆದವರಿಗೆ ನಾಲ್ಕು ಕಾಸು ಬರುತ್ತದೆ, ಹೆಸರೂ ಬರುತ್ತದೆ. ಆದರೆ ಭೂಮಣ್ಣಿ ಬುಟ್ಟಿಗೆ ಡಬ್ಬಿಯ ಬಣ್ಣ ಬಳಿಯುವುದನ್ನು ನನ್ನ ಮನಸ್ಸು ಒಪ್ಪುವುದಿಲ್ಲ. ಡಬ್ಬಿಯ ಬಣ್ಣ ಅಳಿಸುವುದಿಲ್ಲ, ಮರುವರ್ಷ ಬುಟ್ಟಿ ಅಟ್ಟದಿಂದ ಹಾಗೇ ಇಳಿಯುತ್ತದೆ, ಹಾಗೇ ಗದ್ದೆಗೆ ಹೋಗುತ್ತದೆ. ಮಣ್ಣು ತರಲು ಮಕ್ಕಳು ಗುಡ್ಡಕ್ಕೆ ಹೋಗಬೇಕಿಲ್ಲ, ಒರಳ ಮುಂದೆ ಸರದಿಯಿಲ್ಲ, ಮುಳುಗಿದ ಊರಿನ ಕತೆ ಕೇಳಲು ಜಗಲಿಯಲ್ಲಿ ಯಾರೂ ಇರುವುದಿಲ್ಲ.

ಮೊನ್ನೆ ಚಿಕ್ಕಪ್ಪನ ಮಗಳು ಬೆಂಗಳೂರಿನಿಂದ ಫೋನ್ ಮಾಡಿದ್ದಳು. ಅವಳ ಮಗಳಿಗೆ ಬುಟ್ಟಿ ಬರೆಯುವುದನ್ನು ಕಲಿಯಬೇಕಂತೆ. 'ಅಕ್ಕಾ, ಸಗಣಿ ಒಣಗಿದ ಮೇಲೆ ಕೆಮ್ಮಣ್ಣು ಎಷ್ಟು ಸಲ ಬಳೀತಿದ್ರು ದೊಡ್ಡವ್ವ?' ಅಂತ ಕೇಳಿದಳು. ಫೋನಲ್ಲಿ ಹೇಳುವ ಕೆಲಸವಲ್ಲ, ದಶಮಿಗೆ ಮಗಳನ್ನು ಕರೆದುಕೊಂಡು ಊರಿಗೇ ಬಾ ಅಂದೆ. ಪುಂಡಿ ನಾರು ನಾನು ಹೊಂದಿಸುತ್ತೇನೆ. ಗುರಿಗೆ ಕಾಯಿಗೆ ಅಕ್ಕ ಈಗಲೇ ಊರಲ್ಲೆಲ್ಲ ಹೇಳಿಟ್ಟಿದ್ದಾಳೆ.