ಈ ಸಲ ನಾನು ಚಪ್ಪಲಿ ಕಾಯಲಿಲ್ಲ

ಮದರಾಸಿಗೆ ಹೋದವರು ಮರೀನಾ ನೋಡದೆ ಬರುತ್ತಾರೆಯೇ? ನೀವೂ ನೋಡಿರುತ್ತೀರಿ. ಸೀರೆಯ ನೆರಿಗೆ ಎತ್ತಿ ಹಿಡಿದು, ಮಕ್ಕಳ ಕೈ ಹಿಡಿದು ನೀರಿಗಿಳಿದು, ಅಲೆ ಬಂದಾಗ ಕಿರುಚಿ ಹಿಂದಕ್ಕೆ ಓಡಿರುತ್ತೀರಿ. ಆಗ ಮನೆಯವರೆಲ್ಲರ ಚಪ್ಪಲಿ, ಚೀಲ, ಗಡಿಯಾರಗಳನ್ನು ಕಾಯುತ್ತ ದೂರದ ರಸ್ತೆಯ ಅಂಚಿನಲ್ಲಿ ಒಬ್ಬಳು ಕುಳಿತಿದ್ದರೆ, ಅವಳು ನನ್ನಂಥವಳೇ ಇರಬೇಕು.

ನಾನು ಗಾಲಿ ಕುರ್ಚಿ ಹಿಡಿದು ಹದಿನೆಂಟು ವರ್ಷವಾಯಿತು. ಬೆನ್ನುಹುರಿಯ ತೊಂದರೆ, ಆ ಕಥೆ ಇಲ್ಲಿ ಬೇಡ. ನನ್ನ ತಂಗಿಯ ಮನೆ ಮೈಲಾಪುರದಲ್ಲಿ. 2009ರಲ್ಲಿ ಅವಳ ಮನೆಗೆ ಹೋಗಿದ್ದಾಗ ಎಲ್ಲರೂ ಸೇರಿ ಮರೀನಾಕ್ಕೆ ಹೊರಟೆವು. ರಸ್ತೆ ಮುಗಿದು ಮರಳು ಶುರುವಾದ ಕೂಡಲೇ ಕುರ್ಚಿಯ ಮುಂದಿನ ಚಿಕ್ಕ ಗಾಲಿಗಳು ಹೂತುಕೊಂಡವು. ಅವು ಇರುವುದೇ ಅಂಗೈಯಗಲ. ಒಣ ಮರಳಿನಲ್ಲಿ ಹಿಂದಿನಿಂದ ಎಷ್ಟು ತಳ್ಳಿದರೆ ಅಷ್ಟೂ ಆಳಕ್ಕೆ ಇಳಿಯುತ್ತವೆ. "ಎತ್ಕೊಂಡೇ ಹೋಗೋಣ ಬಿಡಿ ಭಾವ" ಎಂದ ತಂಗಿಯ ಗಂಡ. ನಮ್ಮವರು ಒಂದು ಕಡೆ, ಅವನು ಒಂದು ಕಡೆ. ಇಪ್ಪತ್ತು ಹೆಜ್ಜೆಯೂ ಆಗಿರಲಿಲ್ಲ, ಸೀರೆ ಮೊಣಕಾಲು ದಾಟಿತು. ಸುಂಡಲ್ ಮಾರುವ ಹುಡುಗರು, ಬಲೂನಿನವನು, ಮದುವೆಯಾದ ಹೊಸತಿನ ಜೋಡಿಗಳು, ಎಲ್ಲರೂ ಸಮುದ್ರ ಬಿಟ್ಟು ನನ್ನನ್ನೇ ನೋಡುತ್ತಿದ್ದರು. "ಸಾಕು, ಇಳಿಸಿ" ಎಂದೆ. ಅವರಿಗೆ ಬೇಜಾರಾಯಿತು. ಆದರೆ ಸೋದರಿಯರೇ, ನೀವೇ ಹೇಳಿ, ಮೂಟೆಯ ಹಾಗೆ ಹೊರಿಸಿಕೊಂಡು ಹೋಗಿ ನೋಡುವ ಸಮುದ್ರ ಎಷ್ಟು ಚೆನ್ನಾಗಿದ್ದರೆ ಏನು ಬಂತು?

ಅಂದು ಸಂಜೆ ತಂಗಿಯ ಮಗ, ಆಗಿನ್ನೂ ಐದು ವರ್ಷದವನು, ಮುಷ್ಟಿ ತುಂಬ ಒದ್ದೆ ಮರಳು ತಂದು ನನ್ನ ಮಡಿಲಿಗೆ ಸುರಿದ. "ದೊಡ್ಡಮ್ಮಾ, ನಿಂಗೆ ಸಮುದ್ರ ತಂದಿದ್ದೀನಿ" ಎಂದ. ಆಮೇಲೆ ಎಷ್ಟು ಸಲ ಹೋದರೂ ಚಪ್ಪಲಿ ಕಾಯುವುದೇ ನನ್ನ ಕೆಲಸವಾಯಿತು.

ಆ ಮರಳಿನ ಮೇಲೆ ನನಗೆ ಎಷ್ಟು ಸಿಟ್ಟಿತ್ತೆಂದರೆ, ಅದು ಅಲ್ಲಿಗೆ ಬಂದದ್ದಾದರೂ ಹೇಗೆ ಎಂದು ಓದಿ ತಿಳಿದುಕೊಂಡೆ. ಮೊದಲು ಅಲ್ಲಿ ಇಷ್ಟು ಮರಳೇ ಇರಲಿಲ್ಲವಂತೆ! ಅಲೆಗಳು ಈಗಿನ ರಸ್ತೆಯ ಹತ್ತಿರಕ್ಕೇ ಬರುತ್ತಿದ್ದವು. 1870ರ ದಶಕದಲ್ಲಿ ಉತ್ತರಕ್ಕೆ ಬಂದರು ಕಟ್ಟಲು ತೊಡಗಿದರು. ಆ ಕರಾವಳಿಯಲ್ಲಿ ಮರಳು ದಕ್ಷಿಣದಿಂದ ಉತ್ತರಕ್ಕೆ ಸಾಗುತ್ತಲೇ ಇರುತ್ತದೆ. ಬಂದರಿನ ಕಲ್ಲಿನ ಗೋಡೆ ಅದಕ್ಕೆ ಅಡ್ಡವಾಯಿತು. ದಕ್ಷಿಣದ ಮರೀನಾದಲ್ಲಿ ಮರಳು ತುಂಬಿತು, ಉತ್ತರದ ರಾಯಪುರಂ ಕಡೆ ಸಮುದ್ರ ದಡವನ್ನೇ ತಿಂದಿತು. ಗವರ್ನರ್ ಗ್ರಾಂಟ್ ಡಫ್ 1884ರಲ್ಲಿ ಅಲ್ಲಿ ಅಡ್ಡಾಡುವ ಹಾದಿ ಮಾಡಿಸಿ ಮರೀನಾ ಎಂದು ಹೆಸರಿಟ್ಟ. ರಸ್ತೆಯಾಚೆ ದುಂಡು ಗೋಡೆಯ ಕಟ್ಟಡ ಕಾಣುತ್ತದಲ್ಲ, ಅದು ಅಮೆರಿಕದಿಂದ ಹಡಗಿನಲ್ಲಿ ಬರುತ್ತಿದ್ದ ಮಂಜುಗಡ್ಡೆ ಇಡಲು ಕಟ್ಟಿದ ಐಸ್ ಹೌಸ್. 1897ರಲ್ಲಿ ಸ್ವಾಮಿ ವಿವೇಕಾನಂದರು ಒಂಬತ್ತು ದಿನ ತಂಗಿದ್ದರಿಂದ ಈಗ ಅವರ ಹೆಸರೇ ಅದಕ್ಕಿದೆ. ಆ ಕಾಲದಲ್ಲಿ ಹುಟ್ಟಿದ್ದರೆ ನಾನೂ ರಸ್ತೆಯಲ್ಲಿ ಕೂತೇ ಅಲೆ ಮುಟ್ಟಬಹುದಿತ್ತೇನೋ. ಆದರೆ ಆಗ ಈ ಕುರ್ಚಿ ಎಲ್ಲಿತ್ತು?

2022ರ ನವೆಂಬರ್ 27ರಂದು ಆ ಐಸ್ ಹೌಸಿನ ಹತ್ತಿರದಿಂದ ಮರಳಿನ ಮೇಲೆ ಅಂಗವಿಕಲರಿಗಾಗಿ ಕಾಯಂ ಮರದ ಹಾದಿ ತೆರೆದರು. ಉದ್ದ 263 ಮೀಟರ್, ಅಗಲ 3 ಮೀಟರ್, ಎರಡೂ ಕಡೆ ಕೈ ಹಿಡಿ. ಅದಕ್ಕೂ ಮುಂಚೆ ಡಿಸೆಂಬರಿನ ಅಂಗವಿಕಲರ ದಿನದ ಹೊತ್ತಿಗೆ ಮಾತ್ರ ತಾತ್ಕಾಲಿಕ ಹಾದಿ ಹಾಕಿ ತೆಗೆಯುತ್ತಿದ್ದರು. ವರ್ಷಕ್ಕೊಮ್ಮೆ ಬರುವ ಹಬ್ಬದ ಹಾಗೆ! ಹೊಸ ಹಾದಿ ತೆರೆದು ಎರಡು ವಾರವಾಗಿರಲಿಲ್ಲ, ಡಿಸೆಂಬರ್ 9ರ ರಾತ್ರಿ ಮಾಂಡೌಸ್ ಚಂಡಮಾರುತ ಬಂದು ಸಮುದ್ರದ ಕಡೆಯ ತುದಿಯನ್ನು ಮುರಿದು ಹಾಕಿತು. ತಂಗಿ ಫೋನಿನಲ್ಲಿ ಹೇಳಿದಾಗ ನಾನು ನಕ್ಕೆ, ಅಳು ಬರಬಾರದೆಂದು. ಪುಣ್ಯಕ್ಕೆ ದುರಸ್ತಿ ಮಾಡಿಸಿದರು.

ನಾವು ಹೋದದ್ದು ಕಳೆದ ಜನವರಿಯಲ್ಲಿ. ನೀವು ಹೋಗುವುದಾದರೂ ಅಕ್ಟೋಬರಿನಿಂದ ಡಿಸೆಂಬರಿನವರೆಗೆ ಬೇಡ, ಅಲ್ಲಿ ಮಳೆಗಾಲ. ಬೆಳಗಿನ ಜಾವವೇ ಹೊರಡಿ. ಪೂರ್ವದ ಕಡಲು, ಸೂರ್ಯೋದಯ ಅಲ್ಲಿ ಕಣ್ಣೆದುರಿಗೇ. ಜನವೂ ಕಡಿಮೆ. ಟ್ಯಾಕ್ಸಿ ಕರೆಯುವಾಗ ಹಿಂದೆ ಗ್ಯಾಸ್ ಸಿಲಿಂಡರ್ ಇದೆಯೇ ಎಂದು ಮೊದಲೇ ಕೇಳಿ. ಇದ್ದರೆ ಮಡಿಸಿದ ಕುರ್ಚಿಗೆ ಡಿಕ್ಕಿಯಲ್ಲಿ ಜಾಗವಿರುವುದಿಲ್ಲ, ಮೊದಲು ಬಂದ ಎರಡು ಕಾರುಗಳನ್ನು ನಾವು ಹಾಗೇ ವಾಪಸು ಕಳಿಸಿದೆವು. ಸೀರೆ ಬೇಡ, ಸೆರಗು ಗಾಲಿಗೆ ಸುತ್ತಿಕೊಳ್ಳುತ್ತದೆ, ಚೂಡಿದಾರ ಒಳ್ಳೆಯದು. ಇನ್ನೊಂದು ಮಾತು, ಹೆಂಗಸರ ಮಧ್ಯೆ ಹೇಳಲು ಸಂಕೋಚವೇನು? ಹೊರಗೆ ಹೋಗುವ ದಿನ ಶೌಚಾಲಯದ ಭಯಕ್ಕೆ ನಾವು ನೀರೇ ಕುಡಿಯುವುದಿಲ್ಲ. ನಾನೂ ಹಾಗೇ ಮಾಡಿ ಮೂತ್ರದ ಸೋಂಕಿನಿಂದ ಒದ್ದಾಡಿದವಳು. ಹತ್ತಿರದಲ್ಲಿ ಉಳಿದುಕೊಂಡು, ಮನೆಯಲ್ಲೇ ಮುಗಿಸಿಕೊಂಡು, ಎರಡು ಗಂಟೆಯಲ್ಲಿ ಹಿಂತಿರುಗುವ ಹಾಗೆ ಹೊರಡಿ. ನೀರು ಮಾತ್ರ ಬಿಡಬೇಡಿ.

ಹಾದಿಯ ಬಾಯಲ್ಲಿ ನಮ್ಮವರು ಅಭ್ಯಾಸಬಲದಿಂದ ಕುರ್ಚಿಯ ಹಿಡಿಕೆಗೆ ಕೈ ಹಾಕಿದರು.

"ಕೈ ಬಿಡಿ ರೀ. ನಾನೇ ತಳ್ಕೊಳ್ತೀನಿ."

"ದೂರ ಇದೆ ಕಣೇ."

"ಇರಲಿ."

ಹಲಗೆಗಳ ಮೇಲೆ ಗಾಲಿ ಉರುಳುವಾಗ ಕಟಕಟ ಸದ್ದು. ಗಾಳಿಗೆ ಹಾರಿ ಬಂದ ಮರಳು ಅಲ್ಲಲ್ಲಿ ಹಲಗೆಯ ಮೇಲೆ ಕೂತಿತ್ತು, ಅಲ್ಲಿ ಗಾಲಿ ಜಾರುತ್ತಿತ್ತು. ತಂಗಿ ಮುಂದೆ ಹೋಗಿ ಕಾಲಲ್ಲಿ ಗುಡಿಸಿದಳು. ಮೂರು ಕಡೆ ನಿಂತು ದಣಿವಾರಿಸಿಕೊಂಡೆ. ಬರೇ ಕಾಲು ಕಿಲೋಮೀಟರ್ ದಾರಿಗೆ ಇಪ್ಪತ್ತು ನಿಮಿಷ ಹಿಡಿಯಿತು. ಒಂದು ಕಡೆ ತಲೆ ಹೊರಳಿಸಿ ನೋಡಿದರೆ ನಮ್ಮವರು ನನ್ನ ಪಕ್ಕದಲ್ಲಿ ನಡೆದು ಬರುತ್ತಿದ್ದಾರೆ! ಇಷ್ಟು ವರ್ಷ ಅವರು ಯಾವಾಗಲೂ ನನ್ನ ಬೆನ್ನ ಹಿಂದೆ. ನಡೆಯುವಾಗ ಅವರ ಮುಖ ಹೇಗಿರುತ್ತದೆಂಬುದೇ ಮರೆತುಹೋಗಿತ್ತು. ಕೂದಲು ಪೂರ್ತಿ ಬೆಳ್ಳಗಾಗಿದೆ.

ಹಾದಿಯ ತುದಿಯಲ್ಲಿ ಕಂಬಿಗೆ ಒರಗಿ ನಾಲ್ಕು ಜನ ಹುಡುಗರು ಫೋಟೋ ತೆಗೆದುಕೊಳ್ಳುತ್ತಿದ್ದರು. ಇದು ಯಾರಿಗಾಗಿ ಕಟ್ಟಿದ್ದೆಂದು ಅವರಿಗೆ ಗೊತ್ತಿಲ್ಲವೆಂದಲ್ಲ. ತಂಗಿ ತಮಿಳಿನಲ್ಲಿ "ತಂಬೀ" ಎಂದು ಕರೆಯುವುದರೊಳಗೆ ಸರಿದು ಜಾಗ ಬಿಟ್ಟರು. ಸಂಜೆ ಹೋದರೆ ಇಷ್ಟು ಸುಲಭವಲ್ಲವಂತೆ.

ಹಾದಿ ನೀರಿಗೆ ಮುಟ್ಟುವುದಿಲ್ಲ, ಅದನ್ನೂ ಹೇಳಬೇಕು. ಕಂಬಿಯಿಂದಾಚೆ ಇನ್ನೂ ಒಂದಿಷ್ಟು ಮರಳಿದೆ, ಆಮೇಲೆ ಅಲೆ. ಆ ಕಡಲಿನ ಸೆಳೆತ ಅಪಾಯದ್ದು, ಈಜುವುದಕ್ಕೆ ಯಾರಿಗೂ ಅಪ್ಪಣೆಯಿಲ್ಲ, ಅಂಚನ್ನು ಚಂಡಮಾರುತ ಒಮ್ಮೆ ಮುರಿದೂ ಇದೆ. ಕಟ್ಟಿದವರ ಕಷ್ಟ ಗೊತ್ತಾಗುತ್ತದೆ. ಆದರೂ ಆ ಉಳಿದ ಹೆಜ್ಜೆಗಳು ಮನಸ್ಸಿನಲ್ಲಿ ಚುಚ್ಚಿದ್ದು ನಿಜ. "ಇಷ್ಟೇ ಅಲ್ವಾ ಅಕ್ಕ, ಎತ್ಕೊಂಡು ಹೋಗೋಣ" ಎಂದಳು ತಂಗಿ. ಬೇಡವೆಂದೆ. ಕನ್ನಡಕದ ಗಾಜಿನ ಮೇಲೆ ಉಪ್ಪಿನ ತೇವ ಕೂತಿತ್ತು. ಒರೆಸಿಕೊಂಡು ನೋಡಿದೆ, ಕೆಂಪು ಸೂರ್ಯ ನೀರಿನಿಂದ ಅರ್ಧ ಎದ್ದಿದ್ದ.

ಬೆಳಿಗ್ಗೆ ಸುಂಡಲ್ ಮಾರುವವರು ಇರುವುದಿಲ್ಲ. ತಂಗಿ ಮನೆಯಲ್ಲೇ ಮಾಡಿ ಡಬ್ಬಿಗೆ ತುಂಬಿ ತಂದಿದ್ದಳು. ಬಿಳಿ ಬಟಾಣಿಯನ್ನು ರಾತ್ರಿ ನೆನೆಸಿ, ಹದವಾಗಿ ಬೇಯಿಸಿ, ಸಾಸಿವೆ, ಕರಿಬೇವು, ಹಸಿಮೆಣಸಿನ ಒಗ್ಗರಣೆ ಹಾಕಿ, ಇಳಿಸಿದ ಮೇಲೆ ತೆಂಗಿನತುರಿ, ಹೆಚ್ಚಿದ ಮಾವಿನಕಾಯಿ ಬೆರೆಸುವುದು. ಮಾವಿನಕಾಯಿ ಸಿಗದಿದ್ದರೆ ನಿಂಬೆರಸ. ಬಟಾಣಿ ಕರಗಬಾರದು, ಅಷ್ಟೇ ಗುಟ್ಟು.

ತಿಂದು ಮುಗಿಸಿದ ಮೇಲೆ ನಮ್ಮವರಿಗೆ ನೀರಿಗಿಳಿಯುವ ಆಸೆಯಾಯಿತು. ಪ್ಯಾಂಟು ಮಡಿಸಿಕೊಂಡರು. ಚಪ್ಪಲಿ ಕಳಚಿ, ಹದಿನೆಂಟು ವರ್ಷದ ರೂಢಿಯಂತೆ, ನನ್ನ ಕುರ್ಚಿಯ ಗಾಲಿಯ ಪಕ್ಕಕ್ಕೆ ಸರಿಸಿದರು.

"ಅಲ್ಲಿಡಬೇಡಿ ರೀ" ಎಂದೆ. "ಕೈಯಲ್ಲಿ ಹಿಡ್ಕೊಂಡು ಹೋಗಿ. ನಾನು ಸಮುದ್ರ ನೋಡ್ತಿದೀನಿ."