ಸಮುದ್ರದಾಚೆಯ ಊಟೋಪಚಾರ

ಪರದೇಶಕ್ಕೆ ಹೋಗಿ ಬಂದವರು ಅಲ್ಲಿಯ ಸೌಧಗಳನ್ನೂ ಸೇತುವೆಗಳನ್ನೂ ಉದ್ಯಾನಗಳನ್ನೂ ವರ್ಣಿಸುವುದು ವಾಡಿಕೆ. ನಾವೂ ಅವನ್ನೆಲ್ಲ ನೋಡಿದೆವೆಂಬುದೇನೋ ನಿಜ. ಆದರೆ ಐದೇ ದಿನಗಳಲ್ಲಿ ಎರಡು ದೇಶಗಳನ್ನು ಸುತ್ತಿಸಿದವರ ಕೃಪೆಯಿಂದ ಆ ನೋಟಗಳೆಲ್ಲ ಒಂದರೊಳಗೊಂದು ಬೆರೆತುಹೋಗಿ, ಯಾವ ಗೋಪುರ ಯಾವ ಊರಿನದೆಂಬುದನ್ನು ಈಗ ಮಕ್ಕಳನ್ನು ಕೇಳಿ ತಿಳಿಯಬೇಕಾಗಿದೆ. ಬೆರೆಯದೆ ಉಳಿದಿರುವುದು ನಾಲಗೆಯ ನೆನಪೊಂದೇ. ಆದಕಾರಣ ಗೃಹಸ್ಥರಾದ ವಾಚಕರ ಮುಂದೆ ಅದನ್ನೇ ಇಡುತ್ತೇವೆ.

ಬೆಂಗಳೂರಿನ ಬಸವೇಶ್ವರನಗರದ ನಮ್ಮ ಮನೆಯಿಂದ ಹೊರಟವರು ಒಟ್ಟು ಐದು ಮಂದಿ: ನಾವು ದಂಪತಿಗಳು, ಮಕ್ಕಳಿಬ್ಬರು, ಮತ್ತು ಎಪ್ಪತ್ತೆರಡು ವರ್ಷ ವಯಸ್ಸಿನ ನಮ್ಮ ತಾಯಿಯವರು. ತಾಯಿಯವರು ಹೊರಗೆ ಬೇಯಿಸಿದ ಪದಾರ್ಥವನ್ನು ಮುಟ್ಟುವವರಲ್ಲ. ಕಾಫಿಯೊಂದಕ್ಕೆ ಮಾತ್ರ ವಿನಾಯಿತಿ. ತಮ್ಮ ಬುತ್ತಿಯನ್ನು ತಾವೇ ತರುವುದಾದರೆ ಬರುತ್ತೇನೆಂದು ಕರಾರು ಮಾಡಿ ಒಪ್ಪಿದರು. ಪ್ರಯಾಣಕ್ಕೆ ಒಂದು ವಾರ ಮುಂಚಿನಿಂದಲೂ ಮನೆಯೆಲ್ಲ ಹುರಿದ ಕೊಬ್ಬರಿಯ ವಾಸನೆ. ವಿಜಯನಗರದ ಅಂಗಡಿಗಳಿಂದ ತಂದ ಅವಲಕ್ಕಿ ಗೊಜ್ಜವಲಕ್ಕಿಯಾಯಿತು, ರಾಗಿ ಹುರಿಹಿಟ್ಟಾಯಿತು, ಚಕ್ಕುಲಿ, ತೇಂಗೊಳಲು, ಕೊಬ್ಬರಿ ಮಿಠಾಯಿ, ಚಟ್ನಿಪುಡಿಗಳು ಒಂದು ದೊಡ್ಡ ಸ್ಟೀಲು ಡಬ್ಬಿಯನ್ನು ತುಂಬಿದವು. ಇಷ್ಟರಲ್ಲಿ ಐದು ದಿನವೇನು, ಹದಿನೈದು ದಿನ ಕಳೆಯಬಹುದೆಂದು ನಾವು ನಕ್ಕೆವು. ಆ ನಗೆಗೆ ಮುಂದೆ ನಾಚಬೇಕಾಯಿತು.

ಸಿಂಗಪುರಕ್ಕೆ ವಿಮಾನದಲ್ಲಿ ನಾಲ್ಕೂವರೆ ಗಂಟೆಯ ಹಾದಿ. ಅಲ್ಲಿಯ ಗಡಿಯಾರ ನಮ್ಮದಕ್ಕಿಂತ ಎರಡೂವರೆ ಗಂಟೆ ಮುಂದು. ಇಳಿದ ಮೊದಲ ಬೆಳಗ್ಗೆ, ನಮ್ಮ ಹೊಟ್ಟೆಯ ಲೆಕ್ಕದಲ್ಲಿ ಇನ್ನೂ ನಸುಕಿರುವಾಗಲೇ, ಮಾರ್ಗದರ್ಶಕನು ಕೈಯಲ್ಲೊಂದು ಪುಟ್ಟ ಬಾವುಟವನ್ನೆತ್ತಿ ಹಿಡಿದು ನಮ್ಮನ್ನು ಎಬ್ಬಿಸಿ ಕರೆದೊಯ್ದನು.

ಆ ದೇಶದವರು ತಮ್ಮ ಕಾಫಿಯನ್ನು 'ಕೋಪಿ' ಎಂದು ಕರೆಯುವರು. ಬೀಜವನ್ನು ಹುರಿಯುವಾಗಲೇ ಸಕ್ಕರೆಯನ್ನೂ ಬೆಣ್ಣೆ ಅಥವಾ ಮಾರ್ಗರೀನನ್ನೂ ಸೇರಿಸುವುದರಿಂದ ಅದು ಇದ್ದಲಿನಂತೆ ಕಪ್ಪಾಗುತ್ತದೆ. ಉದ್ದನೆಯ ಬಟ್ಟೆಯ ಚೀಲದಲ್ಲಿ ಸೋಸಿ, ಡಬ್ಬಿಯ ಗಟ್ಟಿ ಸಿಹಿಹಾಲನ್ನು ಲೋಟದ ತಳಕ್ಕೆ ಸುರಿದು, ಮೇಲೆ ಡಿಕಾಕ್ಷನ್ನು ಹೊಯ್ಯುವರು. ಹಾಲು ಬೇಡವಾದವರು 'ಕೋಪಿ ಓ' ಎಂದು ಕೇಳಬೇಕು. ಚಿಕೋರಿಯ ಕಾಫಿಗೆ ಒಗ್ಗಿದ ನಮಗೆ ಅದು ಹಿಡಿಸಿತು. ತಾಯಿಯವರು ಅರ್ಧ ಲೋಟವನ್ನು ಕುಡಿದು, "ಇದು ಕಾಫಿಯಲ್ಲ ಕಣಪ್ಪ, ಕಾಫಿಯ ಪಾಯಸ" ಎಂದು ಕೆಳಗಿಟ್ಟರು. ಅದರೊಡನೆ ಸುಟ್ಟ ರೊಟ್ಟಿಗೆ 'ಕಾಯಾ' ಎಂಬ ಹಸುರು ಲೇಪವನ್ನು ಸವರಿ ಕೊಡುತ್ತಾರೆ. ಹೆಸರನ್ನು ಕೇಳಿ ತೆಂಗಿನಕಾಯಿಯದೆಂದು ಮಕ್ಕಳು ಕೈ ಚಾಚಿದ್ದರು. ತೆಂಗಿನ ಹಾಲು ಇರುವುದು ನಿಜವೇ. ಜೊತೆಗೆ ಕೋಳಿಮೊಟ್ಟೆಯೂ ಇರುತ್ತದೆ. ನಮ್ಮ ಗೃಹಿಣಿಯು ಮೊದಲೇ ವಿಚಾರಿಸಿದ್ದರಿಂದ ಬದುಕಿದೆವು. ಸಸ್ಯಾಹಾರಿಗಳಾದ ಯಾತ್ರಿಕರು ಇದನ್ನು ನೆನಪಿನಲ್ಲಿಡುವುದು ಒಳ್ಳೆಯದು.

ಮಧ್ಯಾಹ್ನ ನಮ್ಮನ್ನು ಒಂದು ದೊಡ್ಡ ಊಟದ ಮಂಟಪಕ್ಕೆ ಕರೆದೊಯ್ದರು. ಹಿಂದೆ ಆ ಪಟ್ಟಣದಲ್ಲೂ ನಮ್ಮಲ್ಲಿಯಂತೆಯೇ ಬೀದಿಯ ಅಂಚಿನಲ್ಲಿ ಗಾಡಿಗಳನ್ನಿಟ್ಟು ತಿಂಡಿ ಮಾರುತ್ತಿದ್ದರಂತೆ. ಸರಕಾರವು ೧೯೬೮ರಿಂದ ಅವರನ್ನೆಲ್ಲ ಪಟ್ಟಿಮಾಡಿ, ಮುಂದಿನ ದಶಕದುದ್ದಕ್ಕೂ ಮಾಡು, ನೀರು, ಚರಂಡಿಗಳುಳ್ಳ ಕಟ್ಟಡಗಳಿಗೆ ತಂದು ಕೂರಿಸಿತು. ಇಂಥವು ಈಗ ನೂರಕ್ಕೂ ಮಿಕ್ಕಿವೆ. ೨೦೨೦ರಲ್ಲಿ ಯುನೆಸ್ಕೋ ಸಂಸ್ಥೆಯವರು ಈ ಪದ್ಧತಿಯನ್ನು ಮಾನವಕುಲದ ಪರಂಪರೆಯ ಪಟ್ಟಿಯಲ್ಲಿ ಸೇರಿಸಿದರು. ಸಂಜೆಯ ಹೊತ್ತು ನಮ್ಮ ಬಡಾವಣೆಗಳಲ್ಲಿ ಮಳೆ ಬಂದರೆ ಬಾಣಲೆಯ ಮೇಲೆ ಕೊಡೆ ಹಿಡಿದು ನಿಲ್ಲುವ ಗಾಡಿಯವರನ್ನು ನೆನೆದು, ಇವರಿಗೂ ಒಂದು ಮಾಡು, ಒಂದು ನಲ್ಲಿ ದೊರೆಯಬಾರದೇಕೆ ಎಂದುಕೊಂಡೆವು.

ಅಲ್ಲಿ ಚೀನೀಯರದೊಂದು ಸಸ್ಯಾಹಾರದ ಅಂಗಡಿಯಿತ್ತು. ಬೌದ್ಧಮತದ ನಿಯಮದಂತೆ ನಡೆಯುವ ಇಂಥ ಅಂಗಡಿಗಳಲ್ಲಿ ಮಾಂಸವಷ್ಟೇ ಅಲ್ಲ, ಈರುಳ್ಳಿ ಬೆಳ್ಳುಳ್ಳಿಗಳೂ ವರ್ಜ್ಯ. ಅಣಬೆ, ಸೋಯಾ ಹಾಲಿನ ಗಿಣ್ಣು, ಸೊಪ್ಪುಗಳನ್ನು ಬೆರೆಸಿದ ಅಕ್ಕಿಯ ಎಳೆಗಳನ್ನು ನಾವು ತೃಪ್ತಿಯಾಗಿ ತಿಂದೆವು. ಗೋಧಿಯ ಅಂಟಿನಿಂದ ಮಾಂಸದ ಆಕಾರಕ್ಕೆ ಮಾಡಿಟ್ಟಿದ್ದ ತುಂಡುಗಳನ್ನು ಮಾತ್ರ ಗೃಹಿಣಿಯು ಬದಿಗೆ ಸರಿಸಿದಳು. ಬಿಟ್ಟದ್ದರ ರೂಪವನ್ನು ಮತ್ತೆ ತಟ್ಟೆಗೆ ತರುವುದೇಕೋ ನಮಗೂ ತಿಳಿಯಲಿಲ್ಲ. ತಾಯಿಯವರು ತಿನ್ನಲಿಲ್ಲ, ಆದರೆ "ಶ್ರಾದ್ಧದ ಅಡಿಗೆಯಷ್ಟು ಮಡಿಯಾಗಿದೆಯಲ್ಲ!" ಎಂದು ಆ ಅಂಗಡಿಯನ್ನು ಬಹಳ ಹೊತ್ತು ನೋಡುತ್ತ ಕುಳಿತರು.

ರಾತ್ರಿ ಸೆರಂಗೂನ್ ರಸ್ತೆಯಲ್ಲಿ, ೧೯೪೭ರಿಂದ ನಡೆದುಬಂದಿರುವ ಕೋಮಲ ವಿಲಾಸದಲ್ಲಿ ಉಪಾಹಾರವಾಯಿತು. ಸಮುದ್ರವನ್ನು ದಾಟಿ ಹೋಗಿ ದೋಸೆಯನ್ನು ತಿಂದೆವೆಂದು ಬರೆಯಲು ಸಂಕೋಚವಾಗುವುದರಿಂದ ಅದನ್ನು ಇಷ್ಟಕ್ಕೇ ಬಿಡುತ್ತೇವೆ. ಎರಡನೆಯ ದಿನವೆಲ್ಲ ಓಟದಲ್ಲೇ ಕಳೆಯಿತು.

ಮೂರನೆಯ ದಿನ ಬಸ್ಸಿನಲ್ಲಿ ಮಲೇಷ್ಯಕ್ಕೆ ಹೊರಟೆವು. ಎರಡು ದೇಶಗಳ ನಡುವಣ ಜಲಸಂಧಿಗೆ ೧೯೨೪ರಲ್ಲಿ ಕಟ್ಟಿ ಮುಗಿಸಿದ, ಒಂದು ಕಿಲೋಮೀಟರಿಗೆ ಸ್ವಲ್ಪ ಹೆಚ್ಚಿರುವ ಕಟ್ಟೆಯ ಮೇಲೆ ದಾರಿ. ದಾಟುವುದು ಅಲ್ಪಕಾಲದ ಕೆಲಸ. ರಹದಾರಿ ತೋರಿಸುವ ಸಾಲಿನಲ್ಲಿ ನಿಂತದ್ದೇ ಎರಡು ಗಂಟೆ. ಮಲಕ್ಕಾ ಪಟ್ಟಣವನ್ನು ತಲಪುವಾಗ ಮಧ್ಯಾಹ್ನ ಕಳೆದಿತ್ತು. ೧೫೧೧ರಲ್ಲಿ ಪೋರ್ಚುಗೀಸರು, ೧೬೪೧ರಲ್ಲಿ ಡಚ್ಚರು, ತರುವಾಯ ಇಂಗ್ಲಿಷರು ಹೀಗೆ ಒಬ್ಬರ ಮೇಲೊಬ್ಬರು ಮೆಣಸು ಲವಂಗಗಳ ಆಸೆಯಿಂದ ಹಿಡಿದ ಊರದು. ಡಚ್ಚರ ಕೆಂಪು ಕಟ್ಟಡಗಳ ಮುಂದಿನ ಚೌಕದಲ್ಲಿ ಮಾರ್ಗದರ್ಶಕನು ಬಾವುಟವನ್ನೆತ್ತಿ, "ಇಪ್ಪತ್ತು ನಿಮಿಷ" ಎಂದನು. ನಾವು ಚಿತ್ರ ತೆಗೆಯುತ್ತಿರುವಾಗ ತಾಯಿಯವರು ಒಂದು ಮೆಟ್ಟಲಿನ ಮೇಲೆ ಕುಳಿತುಬಿಟ್ಟರು. ಹಣೆಯಲ್ಲಿ ಬೆವರು, ಕೈ ನಡುಗುತ್ತಿತ್ತು, ಕೇಳಿದ್ದಕ್ಕೆ ಉತ್ತರ ತಡವಾಗಿ ಬಂದಿತು.

ಗಾಬರಿಯಿಂದ ಬುತ್ತಿಯ ಡಬ್ಬಿಯನ್ನು ತೆರೆದೆವು. ಅದರಲ್ಲಿ ಚಟ್ನಿಪುಡಿಯ ಪೊಟ್ಟಣವೊಂದರ ಹೊರತು ಏನೂ ಇರಲಿಲ್ಲ. ಆಗ ಸಂಗತಿ ಹೊರಬಿತ್ತು. ಹೋಟೆಲಿನ ಕೋಣೆಯಲ್ಲಿ ರಾತ್ರಿಯ ಹೊತ್ತು ಮೊಮ್ಮಕ್ಕಳಿಗೆ, ಬಸ್ಸಿನಲ್ಲಿ ಸಹಪ್ರಯಾಣಿಕರ ಮಕ್ಕಳಿಗೆ, ಕೇಳಿದವರಿಗೆ, ಕೇಳದವರಿಗೆ, ಅಜ್ಜಿಯವರು ಹಂಚಿಬಿಟ್ಟಿದ್ದರು. ಹುರಿಹಿಟ್ಟಿನ ಚೀಲ ಬಸ್ಸಿನ ಹೊಟ್ಟೆಯೊಳಗೆ ಪೆಟ್ಟಿಗೆಯಲ್ಲಿ ಭದ್ರವಾಗಿತ್ತು. ಹಿಂದಿನ ಮಧ್ಯಾಹ್ನದಿಂದ ಅವರು ಏನನ್ನೂ ತಿಂದಿರಲಿಲ್ಲ. "ತಿಂದಿರಾ ಅಮ್ಮ?" ಎಂದು ನಾವು ಎರಡು ಸಲ ಕೇಳಿದ್ದುಂಟು, "ಆಯಿತಪ್ಪ" ಎಂದಿದ್ದರು, ಮುಖವನ್ನು ನೋಡುವಷ್ಟು ವ್ಯವಧಾನ ನಮಗಿರಲಿಲ್ಲ. ಚಿಕ್ಕ ಮಗನು ಕೊನೆಯ ಚಕ್ಕುಲಿಯನ್ನು ತಾನೇ ತಿಂದೆನೆಂದು ಅಳತೊಡಗಿದನು.

ಗೃಹಿಣಿಯು ಎದುರಿನ ಅಂಗಡಿಗೆ ಓಡಿ, ಒಂದೊಂದನ್ನೂ ಬೆರಳಿಟ್ಟು ತೋರಿಸಿ ವಿಚಾರಿಸಿ, ಒಂದು ಬಟ್ಟಲನ್ನು ತಂದಳು. 'ಚೆಂಡೋಲ್' ಎಂದು ಅದರ ಹೆಸರು. ಅಕ್ಕಿಹಿಟ್ಟನ್ನು ಪಂಡನ್ ಎಂಬ ಸುವಾಸನೆಯ ಎಲೆಯ ರಸದಲ್ಲಿ ಬೇಯಿಸಿ ರಂಧ್ರಗಳ ಮೂಲಕ ಒತ್ತಿದ ಹಸುರು ಎಳೆಗಳು, ತೆಂಗಿನ ಹಾಲು, ಬೆಂದ ಕೆಂಪು ಕಾಳು, ತುರಿದ ಮಂಜುಗಡ್ಡೆ, ಮೇಲೆ ಕರಗಿಸಿದ ತೆಂಗಿನ ಬೆಲ್ಲ. ತೆಂಗಿನ ಹೊಂಬಾಳೆಯಿಂದ ಇಳಿಸಿದ ರಸವನ್ನು ಕುದಿಸಿ ಬಿದಿರಿನ ಕೊಳವೆಗಳಲ್ಲಿ ಹೊಯ್ದು ಅಚ್ಚುಮಾಡುವ ಈ ಬೆಲ್ಲಕ್ಕೆ ಆ ಊರಿನದೇ ಹೆಸರು: 'ಗುಲಾ ಮಲಕ್ಕಾ'. ಗೃಹಿಣಿಯು ಇಷ್ಟನ್ನೆಲ್ಲ ಹೇಳಲಿಲ್ಲ. "ಅತ್ತೆ, ಶ್ಯಾವಿಗೆ, ಕಾಯಿಹಾಲು, ಬೆಲ್ಲ, ಬೇರೇನೂ ಇಲ್ಲ" ಎಂದಷ್ಟೇ ಹೇಳಿ ಚಮಚವನ್ನು ಬಾಯಿಯ ಬಳಿ ಹಿಡಿದಳು.

ತಾಯಿಯವರು ಒಂದು ಕ್ಷಣ ಬಟ್ಟಲನ್ನೂ ಸೊಸೆಯನ್ನೂ ನೋಡಿದರು. ಎಪ್ಪತ್ತೆರಡು ವರ್ಷದ ನಿಯಮ. ನಾವು ಮಾತಾಡಲಿಲ್ಲ, ಆಡುವ ಅಧಿಕಾರವೂ ನಮಗಿರಲಿಲ್ಲ. ಬಳಿಕ ಬಾಯಿ ತೆರೆದರು. ನಾಲ್ಕು ಚಮಚ ಒಳಗೆ ಹೋಗುವಷ್ಟರಲ್ಲಿ ಚಮಚವನ್ನು ತಾವೇ ತೆಗೆದುಕೊಂಡರು. ಬಟ್ಟಲು ಬರಿದಾದ ಮೇಲೆ ಅವರಾಡಿದ ಮೊದಲ ಮಾತು, "ಏಲಕ್ಕಿ ಹಾಕಿಲ್ಲ" ಎಂಬುದು. ನಮಗೆ ನಗುವೂ ಅಳುವೂ ಒಟ್ಟಿಗೆ ಬಂದವು. ಇಪ್ಪತ್ತು ನಿಮಿಷ ನಲವತ್ತಾಗಿತ್ತು. ಬಸ್ಸಿನಲ್ಲಿ ಕೆಲವರು ಮುಖ ತಿರುಗಿಸಿದರು. ಅವರ ಮಕ್ಕಳು ಮಾತ್ರ ಅಜ್ಜಿಗೆ ಕಿಟಕಿಯ ಬಳಿಯ ಜಾಗವನ್ನು ಬಿಟ್ಟುಕೊಟ್ಟವು.

ಕ್ವಾಲಾಲಂಪುರದಲ್ಲಿ ಎಂಬತ್ತೆಂಟು ಅಂತಸ್ತಿನ ಜೋಡಿ ಗೋಪುರಗಳನ್ನೂ, ಬಾಟು ಗುಹೆಗಳ ಇನ್ನೂರ ಎಪ್ಪತ್ತೆರಡು ಮೆಟ್ಟಲುಗಳನ್ನೂ ನೋಡಿದೆವು. ನೆನಪಿನಲ್ಲಿರುವುದು ಅಲ್ಲಿಯ ಭಾರತೀಯರ ಬೀದಿಯ ಒಂದು ಬೆಳಗು. ತಳ್ಳುಗಾಡಿಯಲ್ಲೊಬ್ಬ ಹೆಂಗಸು 'ಪುಟ್ಟು ಮಾಯಂ' ಮಾರುತ್ತಿದ್ದಳು. ಬಿಳಿಯ ಅಕ್ಕಿಯ ಶ್ಯಾವಿಗೆ, ಮೇಲೆ ಕಾಯಿತುರಿ, ಬೆಲ್ಲದ ಪುಡಿ. ಈ ಸಲ ತಾಯಿಯವರೇ ಮುಂದೆ ಹೋಗಿ, ಬೆಂಗಳೂರಿನ ನೆರೆಹೊರೆಯಲ್ಲಿ ಕಲಿತ ತಮಿಳಿನಲ್ಲಿ ವಿಧಾನವನ್ನು ವಿಚಾರಿಸಿದರು. ಅವರು ಹಿಟ್ಟಿನ ಎಳೆಗಳನ್ನು ಮೊದಲು ಒತ್ತಿ ಆಮೇಲೆ ಹಬೆಯಲ್ಲಿ ಬೇಯಿಸುತ್ತಾರೆ. ನಮ್ಮಲ್ಲಿ ಉಂಡೆಯನ್ನು ಮೊದಲು ಬೇಯಿಸಿ ಬಿಸಿಯಾಗಿರುವಾಗಲೇ ಒತ್ತುತ್ತೇವೆ. ಇಬ್ಬರೂ ತಮ್ಮ ತಮ್ಮ ವಿಧಾನವೇ ಮೇಲೆಂದು ವಾದಿಸುತ್ತಿದ್ದಾಗ ಬಾವುಟ ಹಾರಾಡತೊಡಗಿತು. ತಾಯಿಯವರು ಅದರ ಕಡೆಗೆ ತಿರುಗಿಯೂ ನೋಡಲಿಲ್ಲ. ಎರಡನೆಯ ಪೊಟ್ಟಣವನ್ನು ಕಟ್ಟಿಸಿಕೊಂಡೇ ಬಂದರು.

ಹಿಂದಿರುಗಿದ ಮೊದಲ ಭಾನುವಾರ ವಿಜಯನಗರದಲ್ಲಿ ಮೆಟ್ರೋ ರೈಲನ್ನು ಹತ್ತಿ ಕೆಂಗೇರಿಗೆ, ನಮ್ಮ ಅಕ್ಕನ ಮನೆಗೆ ಹೋದೆವು. ಮನೆತನದ ಶ್ಯಾವಿಗೆ ಒರಳು ಇರುವುದು ಅಲ್ಲಿ. ಅಕ್ಕ ಉಂಡೆ ಬೇಯಿಸಿದಳು, ನಾವು ಒತ್ತಿದೆವು, ತಾಯಿಯವರು ಮಲಕ್ಕಾದಿಂದ ತಂದ ಬೆಲ್ಲದ ಅಚ್ಚನ್ನು ಕಾಯಿಹಾಲಿಗೆ ತುರಿದು, ಏಲಕ್ಕಿಯನ್ನು ಕುಟ್ಟಿ ಹಾಕಿದರು. ಬೆಲ್ಲದ ವಾಸನೆ ಹೊಸತಾಗಿದ್ದುದನ್ನು ಕಂಡು ಅಕ್ಕ, "ಇದೆಲ್ಲಿಯದಮ್ಮ?" ಎಂದು ಕೇಳಿದಳು.

"ಅಲ್ಲಿ ನಾನು ಊಟ ಮಾಡಿದ ಊರಿನದು" ಎಂದರು ತಾಯಿಯವರು.