ಗಿಡ್ಡ ಸೈಕಲ್ಲಿನ ಹಿರಿಮೆ

ಸೈಕಲ್ಲು ಕಲಿಯುವವನ ಸಂಕಟವು ಕಲಿತವನಿಗೆ ಬೇಗನೆ ಮರೆತುಹೋಗುತ್ತದೆ. ನನಗೆ ಮಾತ್ರ ಇನ್ನೂ ಮರೆತಿಲ್ಲ. ತಂದೆಯವರ ದೊಡ್ಡ ಸೈಕಲ್ಲಿನ ಅಡ್ಡಪಟ್ಟಿಯ ಕೆಳಗೆ ಕಾಲು ತೂರಿಸಿ, ಒಳಪೆಡಲು ತುಳಿದೇ ನಾನು ಕಲಿತದ್ದು. ನಾನು ಅದಕ್ಕೆ ಹೊಂದಿಕೊಳ್ಳಬೇಕಿತ್ತೇ ಹೊರತು ಅದು ನನಗೆ ಹೊಂದಿಕೊಳ್ಳುವಂತಿರಲಿಲ್ಲ. ಆದುದರಿಂದಲೇ ಏನೋ, ಬಿ.ಎಂ.ಎಕ್ಸ್. ಎಂಬ ಗಿಡ್ಡ ಸೈಕಲ್ಲನ್ನು ಮೊದಲು ಕಂಡಾಗ ಸ್ವಲ್ಪ ಅಸೂಯೆಯೇ ಆಯಿತು.

ಇದರ ತವರು ಅಮೆರಿಕದ ದಕ್ಷಿಣ ಕ್ಯಾಲಿಫೋರ್ನಿಯಾ. 1970ರ ಸುಮಾರಿಗೆ ಅಲ್ಲಿಯ ಹುಡುಗರು ಮಣ್ಣುದಿಬ್ಬಗಳ ಮೇಲೆ ನಡೆಯುವ ಮೋಟಾರು ಸೈಕಲ್ ಪಂದ್ಯಗಳಿಗೆ ಮರುಳಾದರು. ಮೋಟಾರು ನಡೆಸುವ ವಯಸ್ಸಿಲ್ಲ, ಕೊಳ್ಳುವ ಹಣವಿಲ್ಲ. ಮನೆಯಲ್ಲಿದ್ದ ಷ್ವಿನ್ ಕಂಪನಿಯ ಸ್ಟಿಂಗ್‌ರೇ ಸೈಕಲ್ಲುಗಳನ್ನೇ ಮಣ್ಣಿಗಿಳಿಸಿದರು. 1971ರ ‘ಆನ್ ಎನಿ ಸಂಡೇ’ ಚಲನಚಿತ್ರದ ಆರಂಭದಲ್ಲಿ ಈ ಆಟವನ್ನು ಕಂಡು ಬೇರೆ ಊರುಗಳ ಮಕ್ಕಳಿಗೂ ಹುಚ್ಚು ಹಿಡಿಯಿತು. ಹುಡುಗರ ಆ ಅನುಕರಣೆಯೇ 2008ರಲ್ಲಿ ಬೀಜಿಂಗಿನ ಒಲಿಂಪಿಕ್ ಕಣವನ್ನು ಸೇರಿತು.

ಕಳೆದ ಬೇಸಗೆಯಲ್ಲಿ ಕ್ಯಾಲಿಫೋರ್ನಿಯಾದ ಅಕ್ಕನ ಮನೆಗೆ ಹೋಗಿದ್ದೆ. ಅವಳ ಒಂಬತ್ತು ವರ್ಷದ ಮಗಳು ಹಲವು ಗೇರುಗಳ ಎತ್ತರದ ಸೈಕಲ್ಲಿನಿಂದ ಡಾಂಬರು ರಸ್ತೆಯ ಮೇಲೆ ಬಿದ್ದು ವರ್ಷವಾಗಿತ್ತು. ಅಂದಿನಿಂದ ಸೈಕಲ್ಲಿನ ಮಾತೆತ್ತಿದರೆ ಸಾಕು, ಎದ್ದು ಕೋಣೆ ಸೇರುತ್ತಿದ್ದಳು. ಒಂದು ಭಾನುವಾರ ಭಾವನವರು ನಮ್ಮನ್ನೆಲ್ಲ ಮಣ್ಣಿನ ಓಟದ ಮೈದಾನಕ್ಕೆ ಕರೆದೊಯ್ದರು. ಅಲ್ಲಿ ಎರವಲು ದೊರೆತ ಸೈಕಲ್ಲೊಂದನ್ನು ಅವಳ ಪಕ್ಕದಲ್ಲಿ ನಿಲ್ಲಿಸಿದರು, ಹತ್ತು ಎನ್ನಲಿಲ್ಲ.

ಅವಳು ಸುತ್ತಿ ನೋಡಿದಳು. 20 ಅಂಗುಲದ ಚಕ್ರ, ಒಂದೇ ಗೇರು, ಮಣ್ಣನ್ನು ಕಚ್ಚುವ ದಪ್ಪ ಟೈರು, ಎತ್ತರದ ಅಗಲವಾದ ಹ್ಯಾಂಡಲ್ಲು. ಕುಳಿತು ನೋಡಿದಳು; ಎರಡು ಪಾದಗಳೂ ನೆಲ ಮುಟ್ಟಿದವು.

“ಬಿದ್ದರೆ ಮಣ್ಣು ತಾನೆ, ಮಾಮ?” ಎಂದವಳು ಉತ್ತರಕ್ಕೆ ಕಾಯದೆ ಹೊರಟಳು. ಮೂರನೆಯ ದಿಬ್ಬದಲ್ಲಿ ಬಿದ್ದಳು. ಅಕ್ಕ ಗಾಬರಿಯಿಂದ ಎದ್ದು ನಿಂತಳು. ಹುಡುಗಿ ಮೊಣಕಾಲಿನ ಮಣ್ಣು ಕೊಡವಿ ಮತ್ತೆ ತುಳಿದಳು.

ಮಣ್ಣೂ ಮೈ ತರಚುತ್ತದೆ, ನಿಜ. ಹೆಲ್ಮೆಟ್ಟು, ಕೈಗವಸುಗಳಿರುವುದು ಅದಕ್ಕೇ. ಆದರೂ ಈ ವಾಹನದಲ್ಲಿ ಹೊಸಬನನ್ನು ಗೊಂದಲಕ್ಕೆ ಕೆಡಹುವುದು ಕಡಮೆ. ಗೇರು ಬದಲಿಸುವ ಚಿಂತೆಯಿಲ್ಲ. ಮುರಿಯಲು ನಾಜೂಕಾದ ಭಾಗಗಳು ಹೆಚ್ಚಿಲ್ಲ. ಚೌಕಟ್ಟು ಗಿಡ್ಡವಾದ್ದರಿಂದ ಭಯವಾದೊಡನೆ ಕಾಲೂರಿ ನಿಲ್ಲಬಹುದು. ಬೀಳುವುದು ಅಲ್ಲಿ ಆಟದ ಒಂದು ಅಂಗವಾದ್ದರಿಂದ ಬಿದ್ದವರನ್ನು ನೋಡಿ ಯಾರೂ ನಗುವುದಿಲ್ಲ. ಹಳಗನ್ನಡದ ಮೊದಲ ಪದ್ಯದೆದುರು ನನ್ನ ವಿದ್ಯಾರ್ಥಿಗಳ ಮುಖದಲ್ಲಿ ಮೂಡುವ ಅಳುಕನ್ನು ಬಲ್ಲ ನನಗೆ ಈ ಸೌಲಭ್ಯ ಸಣ್ಣದೆನಿಸಲಿಲ್ಲ.

ಮೊನ್ನೆ ಭಾವನವರು ಬರೆದಿದ್ದರು: ಹುಡುಗಿ ಈಗ ಪ್ರತಿ ಭಾನುವಾರ ತಾನೇ ಮೊದಲು ಎದ್ದು ಅವರನ್ನು ಎಬ್ಬಿಸುತ್ತಾಳಂತೆ. ಎತ್ತರದ ಸೈಕಲ್ಲು ಇನ್ನೂ ಗೋಡೆಗೊರಗಿಯೇ ಇದೆಯಂತೆ. ಇರಲಿ, ಅದಕ್ಕೇನು ಅವಸರ!